ಹಸಿ ತಪ್ಪಲಿನ ಬಸಲಿಂಗಮ್ಮ

ಬಸಲಿಂಗಮ್ಮನ ಖಾನಾವಳಿಯಲ್ಲಿ ಎರಡನೆಯ ರೊಟ್ಟಿ ಸುಮ್ಮನೆ ಸಿಗುತ್ತಿರಲಿಲ್ಲ. ಮೊದಲನೆಯ ರೊಟ್ಟಿಯ ಜೊತೆ ತಾಟಿನ ಅಂಚಿಗೆ ಒಂದು ಹಿಡಿ ಹಸಿ ತಪ್ಪಲು ಇಟ್ಟಿರುತ್ತಿದ್ದಳು. ಹಕ್ಕರಿಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಆಯಾ ಕಾಲಕ್ಕೆ ಯಾವ ಸೊಪ್ಪು ಸಿಗುತ್ತದೋ ಅದು. ಆ ಸೊಪ್ಪು ಖಾಲಿಯಾಗದೆ ಆಕೆಯ ಕೈ ರೊಟ್ಟಿಯ ಬುಟ್ಟಿಗೆ ಹೋಗುತ್ತಲೇ ಇರಲಿಲ್ಲ. ಪದ್ಧತಿ ಗೊತ್ತಿಲ್ಲದ ಗಿರಾಕಿ ಯಾರಾದರೂ "ರೊಟ್ಟಿ ತರ್ರಿ" ಎಂದು ಕೂಗಿದರೆ, ಬಂದು ತಾಟು ನೋಡಿ, "ಇದನ್ನ ಯಾರ್ ತಿನ್ನಬೇಕ್ರಿ? ಹಿಂದಿನಿಂದ ನಿಮ್ಮ ಎಮ್ಮಿ ಬರ್ತದೇನು?" ಎಂದು ಕೇಳಿ ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಿದ್ದಳು.

ಒಮ್ಮೆ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಪೊಲೀಸ್ ಅಧಿಕಾರಿಯೊಬ್ಬರು ಊಟಕ್ಕೆ ಕೂತಿದ್ದರು. ಹಸಿ ಸೊಪ್ಪನ್ನು ಹಾಗೇ ತಿನ್ನುವುದು ಅವರಿಗೆ ಹೊಸದು. ಬೆರಳ ತುದಿಯಿಂದ ಅದನ್ನು ಪಕ್ಕಕ್ಕೆ ಸರಿಸಿ, ಎಣ್ಣೆಗಾಯಿ ಮುಗಿಸಿ, ರೊಟ್ಟಿಗೆ ಕೈ ಎತ್ತಿದರು. ಬಸಲಿಂಗಮ್ಮ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, "ಸಾಹೇಬ್ರ, ಠಾಣೆದಾಗ ನಿಮ್ಮ ಮಾತು ನಡೀತದ. ಇಲ್ಲಿ ನಂದು" ಎಂದಳು. ಪಕ್ಕದಲ್ಲಿ ಕೂತಿದ್ದ ಪೇದೆಯ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು. ಅಧಿಕಾರಿ ಒಂದೊಂದೇ ಎಲೆ ಬಾಯಿಗೆ ಹಾಕಿಕೊಂಡರು. ತಿಂಗಳು ಕಳೆಯುವುದರೊಳಗೆ ಅವರೇ "ಇನ್ನೊಂದಿಷ್ಟು ಹಕ್ಕರಿಕಿ ಕೊಡಿ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ನಾನು ಶಹಾಪುರದ ಒಂದು ಶಾಲೆಯಲ್ಲಿ ಟೀಚರ್. ಮನೆ ಗೋಗಿಯಲ್ಲಿ. ನಮ್ಮ ಅಣ್ಣ ಮಹಿಬೂಬ, ಮನೆಯಲ್ಲಿ ನಾವು ಭಾಯಿಜಾನ್ ಎನ್ನುತ್ತೇವೆ, ಗೋಗಿಗೂ ಶಹಾಪುರಕ್ಕೂ ನಡುವೆ ಶೇರ್ ಆಟೋ ಓಡಿಸುತ್ತಾನೆ. ಬೆಳಿಗ್ಗೆ ಅವನ ಆಟೋದಲ್ಲೇ ಬಂದು ಇಳಿಯುವುದು, ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹಿಂದಿನ ಬಸಲಿಂಗಮ್ಮನ ಖಾನಾವಳಿಯಲ್ಲಿ ಉಣ್ಣುವುದು ನನ್ನ ದಿನಚರಿಯಾಗಿತ್ತು. ತಗಡಿನ ಮಾಡು, ಎರಡು ಸಾಲು ಟೇಬಲ್ಲು, ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಮಲ್ಲಮ್ಮ, ಹೊರಗೆ ಬಡಿಸುವ ಬಸಲಿಂಗಮ್ಮ. ಗಂಡ ತೀರಿಕೊಂಡ ಮೇಲೆ ಆಕೆಗೆ ಆ ಖಾನಾವಳಿಯೇ ಮನೆ, ಮಲ್ಲಮ್ಮನೇ ಬಳಗ. ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಗಟ್ಟಿ ದನಿಯಲ್ಲಿ ಎಲ್ಲರನ್ನೂ ಬೈಯುತ್ತ ಓಡಾಡುವಳು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಆಕೆ ನನ್ನನ್ನು ಟೀಚರಮ್ಮ ಎನ್ನುತ್ತಿದ್ದಳು, ಸಿಟ್ಟು ಬಂದಾಗ ಬರೀ ಶಾಹೀನಾ.

"ದಿನಾ ಒಂದ್ ಹಿಡಿ ತಪ್ಪಲ, ಒಂದ್ ಚಮಚ ಅಗಸಿ ಹಿಂಡಿ. ಇಷ್ಟ್ ತಿನ್ರಿ, ದವಾಖಾನಿ ಬಾಗಿಲಾ ತುಳಿಯಾಕ ಹೋಗಬ್ಯಾಡ್ರಿ" ಎಂದು ಊರಿಗೇ ಸಾರುತ್ತಿದ್ದಳು. ಅಗಸೆಯ ಬೀಜ ಹುರಿದು ಕುಟ್ಟಿದ ಆ ಹಿಂಡಿಗೆ ಯಾದಗಿರಿಯಿಂದಲೂ ಗಿರಾಕಿಗಳಿದ್ದರು. ಮಲಬದ್ಧತೆಯ ವಿಷಯವನ್ನು ಆಕೆ ಗಂಡಸರ ಮುಂದೆಯೂ ಹವಾಮಾನದ ವಿಷಯ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. "ಯಾಕ್ ಸಾವಕಾರ, ಮಾರಿ ಸಣ್ಣ ಮಾಡಿರಿ? ಹೊಟ್ಟಿ ಕಟ್ಟ್ಯಾದೇನು?" ಎಂದು ತುಂಬಿದ ಖಾನಾವಳಿಯಲ್ಲಿ ಕೇಳಿದರೆ ಸಾಹುಕಾರರು ತಲೆ ತಗ್ಗಿಸಿ ಮೆಂತ್ಯದ ಎಲೆ ಜಗಿಯುತ್ತಿದ್ದರು.

ಇಂಥ ಹೆಂಗಸಿಗೆ ಮಲದಲ್ಲಿ ರಕ್ತ ಹೋಗತೊಡಗಿತು. ಯಾರಿಗೂ ಹೇಳಲಿಲ್ಲ. ಆಕೆಯ ಬಳಿ ಅದಕ್ಕೊಂದು ಕಾರಣ ಸಿದ್ಧವಾಗಿತ್ತು: ಒಲೆಯ ಶಾಖ. ಒಲೆಯ ಪಕ್ಕ ನಿಂತು ನಿಂತು ಉಷ್ಣವಾಗಿದೆ, ಉಷ್ಣಕ್ಕೆ ಮೂಲವ್ಯಾಧಿಯಾಗಿದೆ, ತಂಪು ಮಾಡಿಕೊಂಡರೆ ಹೋಗುತ್ತದೆ. ಮಜ್ಜಿಗೆ ಕುಡಿದಳು, ಕಾಮಕಸ್ತೂರಿ ಬೀಜ ನೆನೆಸಿ ಕುಡಿದಳು, ತಪ್ಪಲನ್ನು ಎರಡರಷ್ಟು ತಿಂದಳು. ನಮ್ಮ ಕಡೆ ಈ ಉಷ್ಣ ಎನ್ನುವ ಮಾತು ಎಷ್ಟು ಜನರನ್ನು ಮಣ್ಣಿಗೆ ಕಳಿಸಿದೆಯೋ ಆ ದೇವರಿಗೇ ಗೊತ್ತು. ಹೊಟ್ಟೆ ನೋವು, ಉಷ್ಣ. ತಲೆ ಸುತ್ತು, ಉಷ್ಣ. ರಕ್ತ ಕಂಡರೂ ಉಷ್ಣ. ಒಂದು ಮಧ್ಯಾಹ್ನ ರೊಟ್ಟಿಯ ಬುಟ್ಟಿ ಹಿಡಿದಿದ್ದವಳು ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತಳು. ಬಡಿಸುವ ಹೊತ್ತಿನಲ್ಲಿ ಆಕೆ ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಲ್ಲಮ್ಮ ಅಳುತ್ತ ಎಲ್ಲ ಹೇಳಿಬಿಟ್ಟಳು. ನಾನು ಅಕ್ಕನ ಜೊತೆ ಜಗಳವಾಡಿ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿಯ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕರೆದು ಕೂರಿಸಿ, ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ನೇರವಾಗಿ ಹೇಳಿದರು. ಬಸಲಿಂಗಮ್ಮನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ನನಗ್ಯಾಕ ಬಂತ್ರಿ? ನನ್ನಷ್ಟ ತಪ್ಪಲ ತಿಂದಾಕಿ ಈ ಜಿಲ್ಲಾದಾಗ ಯಾಕಿ ಇದ್ದಾಳ ತೋರಿಸ್ರಿ!"

ಡಾಕ್ಟರು ನಗಲಿಲ್ಲ. "ಸೊಪ್ಪು, ಕಾಳು, ಜೋಳ ತಿನ್ನೋದು ಒಳ್ಳೆಯದೇ ಅಮ್ಮ. ನಾರಿನಂಶ ಕರುಳಿಗೆ ಒಳ್ಳೆಯದು. ಅಗಸೆಯಲ್ಲಿ, ಅರಿಶಿನದಲ್ಲಿ, ಸೊಪ್ಪಿನಲ್ಲಿ ಇರೋ ಸತ್ವಗಳ ಬಗ್ಗೆ ಓದೋರು ಓದ್ತಾ ಇದ್ದಾರೆ. ಇಂಥ ಊಟ ಮಾಡೋರಿಗೆ ಈ ರೋಗ ಬರೋ ಸಂಭವ ಕಡಿಮೆ ಅಂತೀವಿ. ಬರೋದೇ ಇಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಬಂದ ಗಡ್ಡೆಯನ್ನ ಸೊಪ್ಪು ಕರಗಿಸೋದಿಲ್ಲ."

ಬಸಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾದ್ರ ಕತ್ತರಸ್ರಿ. ತಡಾ ಯಾಕ?" ಎಂದಳು.

ಮೊದಲು ಕೆಲವು ವಾರ ಕರೆಂಟ್, ಅಂದರೆ ವಿಕಿರಣ, ಕೊಟ್ಟರು, ಸಲೈನಿನಲ್ಲಿ ಔಷಧಿ ಹಾಕಿದರು. ಆಮೇಲೆ ಆಪರೇಷನ್. ಗಡ್ಡೆ ತೀರ ಕೆಳಗಿದ್ದದ್ದರಿಂದ ಕೆಳಗಿನ ದಾರಿಯನ್ನೇ ಮುಚ್ಚಬೇಕಾಯಿತು. ಹೊಟ್ಟೆಯ ಎಡಗಡೆ ಒಂದು ಸಣ್ಣ ಬಾಯಿ ಮಾಡಿ, ಅಲ್ಲಿಗೆ ಚೀಲ ಅಂಟಿಸಿದರು. ಇನ್ನು ಬದುಕಿರುವವರೆಗೆ ಮಲ ಆ ಚೀಲಕ್ಕೇ ಬರುತ್ತದೆ. ಅದನ್ನು ಬದಲಿಸುವುದನ್ನು ನರ್ಸು ಕಲಿಸಿಕೊಟ್ಟಳು. ಬಸಲಿಂಗಮ್ಮ ಅದನ್ನು ಬೇಗ ಕಲಿತಳು. ಆಕೆಯ ಕೈಯಿಂದ ಆಗದಿದ್ದದ್ದು ಇನ್ನೊಂದು: ಕೆಲವು ವಾರ ಹಸಿ ತಪ್ಪಲು ಬೇಡ, ಜೋಳದ ರೊಟ್ಟಿ ಬೇಡ, ಮೆತ್ತಗಿನ ಅನ್ನ ಮೊಸರು ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದರು. "ಬಿಳಿ ಅನ್ನ ತಿಂದು ಬದುಕೋದು ಒಂದ್ ಬದುಕೇನ್ರಿ?" ಎಂದು ವಾರ್ಡಿಗೆಲ್ಲ ಕೇಳುವಂತೆ ರೇಗಿದಳು. ಊರಿಗೆ ಬಂದ ಮೇಲೆ ಮಲ್ಲಮ್ಮನನ್ನು ಗೋಳು ಹೊಯ್ದುಕೊಂಡು, ಬಾಗಿಲು ಹಾಕಿಕೊಂಡು, ಖಡಕ್ ರೊಟ್ಟಿಯ ಜೊತೆ ಹಿಡಿ ಹಿಡಿ ಹಕ್ಕರಿಕಿ ತಿಂದಳು. ಹೊಟ್ಟೆ ಉಬ್ಬಿ, ಕರುಳು ಕಟ್ಟಿ, ಭಾಯಿಜಾನನ ಆಟೋದಲ್ಲಿ ಮಲಗಿಸಿಕೊಂಡು ಜೀಪು ಸಿಗುವ ದೊಡ್ಡ ರಸ್ತೆಯವರೆಗೆ, ಅಲ್ಲಿಂದ ಜೀಪಿನಲ್ಲಿ ಮತ್ತೆ ಕಲಬುರಗಿಗೆ ಓಡಬೇಕಾಯಿತು. ಏನಾಗಿದೆ ಎಂದು ಭಾಯಿಜಾನನಿಗೆ ಹೇಳಲಿಲ್ಲ, ಅಜೀರ್ಣ ಎಂದಷ್ಟೇ ಹೇಳಿದೆವು.

ಡಾಕ್ಟರು ಅಂದು ಆಕೆಯನ್ನು ಬೈದ ಹಾಗೆ ಯಾರೂ ಬೈದಿರಲಿಕ್ಕಿಲ್ಲ. ಎಲ್ಲ ಕೇಳಿಸಿಕೊಂಡು ಬಸಲಿಂಗಮ್ಮ, "ನಾ ನನ್ನ ಗಿರಾಕಿಗಿ ಹಿಂಗ ಬಯ್ತೀನ್ರಿ. ಬೈಸ್ಕೊಳ್ಳೋದು ಹ್ಯಾಂಗಿರ್ತದ ಅಂತ ಇವತ್ತ ಗೊತ್ತಾತು" ಎಂದಳು. ಡಾಕ್ಟರಿಗೆ ಬೈಗುಳ ಮರೆತು ನಗು ಬಂದುಬಿಟ್ಟಿತು.

ತಿಂಗಳುಗಳ ನಂತರ ಖಾನಾವಳಿ ಮತ್ತೆ ತೆರೆಯಿತು. ಚೀಲದ ವಿಷಯ ನನ್ನನ್ನೂ ಮಲ್ಲಮ್ಮನನ್ನೂ ಬಿಟ್ಟು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಹೊಟ್ಟ್ಯಾಗ ಕ್ಯಾನ್ಸರ್ ಗಡ್ಡಿ ಆಗಿತ್ತು. ಈಗಿಲ್ಲ" ಎಂದು ಆಕೆ ಕೇಳಿದವರಿಗೆ ಹೇಳಿ, ಇಷ್ಟು ದಿನ ಎಲ್ಲಿದ್ದೆ, ಹೇಗೆ ಹೋಯಿತು ಎನ್ನುವ ಮುನ್ನ ಮಾತು ಮುಗಿಸುತ್ತಿದ್ದಳು. ಮೊದಲು ಬಿಗಿಯಾಗಿ ಸಿಕ್ಕಿಸುತ್ತಿದ್ದ ಸೆರಗನ್ನು ಈಗ ಸಡಿಲವಾಗಿ ಹೊಟ್ಟೆಯ ಮೇಲೆ ಹೊದ್ದುಕೊಳ್ಳುತ್ತಿದ್ದಳು. ಹಿಂದಿನ ಕೋಣೆಗೆ ಹೋಗಿ ಚೀಲ ಬದಲಿಸಿ, ಮೊಣಕೈಯವರೆಗೆ ಸಾಬೂನು ಹಚ್ಚಿ ತೊಳೆದುಕೊಂಡು ಬರುತ್ತಿದ್ದಳು. ಶಹಾಪುರದ ಯಾವ ಹೋಟೆಲಿನಲ್ಲೂ ಅಷ್ಟು ಸ್ವಚ್ಛವಾದ ಕೈಯಿಂದ ಯಾರೂ ಬಡಿಸುತ್ತಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಹೊಟ್ಟೆಯ ಮೇಲೆ ಮಲದ ಚೀಲ ಹೊತ್ತ ಹೆಂಗಸು ರೊಟ್ಟಿ ಬಡಿಸುತ್ತಾಳೆ ಎಂದು ಗೊತ್ತಾದರೆ ಮರುದಿನ ಯಾರು ಬರುತ್ತಾರೆ?

ಆಪರೇಷನ್ ಆಗಿದ್ದು ಗೊತ್ತಿಲ್ಲದ ಊರು ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಿತು. ಬಸಲಿಂಗಮ್ಮ ಜನ್ಮವೆಲ್ಲ ತಪ್ಪಲಿನ ಗುಣಗಾನ ಮಾಡಿದವಳು. ಕ್ಯಾನ್ಸರ್ ಬಂತು, ಹೋಯಿತು. ಹೇಗೆ ಹೋಯಿತು? ತಪ್ಪಲಿನಿಂದಲೇ ಹೋಗಿರಬೇಕು. ಅಷ್ಟರಲ್ಲಿ ಸುರಪುರದ ಕಡೆಯಿಂದ ಒಬ್ಬ ಬಂದ. ಬಿಳಿ ಜುಬ್ಬಾ, ಮೆತ್ತನೆಯ ಪುಸ್ತಕದ ಕನ್ನಡ, ಸ್ವಂತ ವ್ಯಾನು. ಜನ ಅವನನ್ನು ಪುಡಿ ಡಾಕ್ಟರ್ ಎನ್ನುತ್ತಿದ್ದರು. ಸೊಪ್ಪು, ಅಗಸೆ, ಅರಿಶಿನ, ದಾಳಿಂಬೆ ಸಿಪ್ಪೆಗಳ ಸತ್ವ ತೆಗೆದ ಹಸಿರು ಪುಡಿಯನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದ. ಖಾನಾವಳಿಯಲ್ಲಿ ಊಟ ಮಾಡಿ ಹೊಗಳಿ, "ತಾಯಿ, ಈ ಸೊಪ್ಪು ಹಿಡಿದುಕೊಂಡು ಒಂದು ಫೋಟೊ" ಎಂದು ತೆಗೆದುಕೊಂಡು ಹೋದ. ಆಕೆ ಖಾನಾವಳಿಯ ಪ್ರಚಾರಕ್ಕೆ ಎಂದುಕೊಂಡಳು. ನೋಡಿದರೆ ಅವನ ಡಬ್ಬಿಯ ಮೇಲೆ ಹಕ್ಕರಿಕಿ ಹಿಡಿದು ನಗುವ ಬಸಲಿಂಗಮ್ಮ! ಸಸ್ಯ ಸತ್ವದಿಂದ ಕರುಳಿನ ಕ್ಯಾನ್ಸರ್ ಗೆದ್ದ ತಾಯಿ ಎಂದು ಕೆಳಗೆ ದಪ್ಪ ಅಕ್ಷರ. ಅಷ್ಟಕ್ಕೇ ನಿಲ್ಲಲಿಲ್ಲ. ಭಾನುವಾರಕ್ಕೊಮ್ಮೆ, ನಮ್ಮ ಕಡೆಯ ಐತಾರಕ್ಕೊಮ್ಮೆ, ವ್ಯಾನಿನ ತುಂಬ ರೋಗಿಗಳನ್ನು ಹೇರಿಕೊಂಡು ಬಂದು, ಆಕೆಯ ಖಾನಾವಳಿಯಲ್ಲೇ ಊಟಕ್ಕೆ ಕೂರಿಸಿ, "ನೋಡಿ, ಕಣ್ಣಾರೆ ನೋಡಿ" ಎಂದು ತೋರಿಸತೊಡಗಿದ. ಸರ್ಕಸ್ ಕಂಪನಿಯವರು ಹುಲಿ ತೋರಿಸಿದ ಹಾಗೆ.

"ಅಕ್ಕಾ, ಅಂವ ನಿನ್ನ ಹೆಸರಿನಾಗ ಸುಳ್ಳ ಮಾರಾಕತ್ಯಾನ. ಬಾಯಿ ಬಿಡು" ಎಂದು ನಾನು ಹಟ ಹಿಡಿದೆ.

"ಬಾಯಿ ಬಿಟ್ರ ಆಪರೇಷನ್ ಆಗ್ಯಾದ ಅನ್ನಬೇಕು. ಯಾವ ಆಪರೇಷನ್ ಅಂತಾರ. ಕಡಿಕಿ ಈ ಚೀಲದ ಮಟಾ ಬರ್ತದ. ಬಂದ್ ದಿನಾನೇ ನನ್ನ ಖಾನಾವಳಿ ಬಂದ್. ನಾ ಹ್ಯಾಂಗರ ಇರ್ತೀನಿ, ಮಲ್ಲಮ್ಮ ಎಲ್ಲಿಗಿ ಹೋಗಬೇಕು?" ಎಂದಳು. ಅದು ಸುಳ್ಳಲ್ಲ.

ಹೀಗಿರುವಾಗ ಭಾಯಿಜಾನನ ಹೆಂಡತಿ, ನಮ್ಮ ಭಾಬಿ, ಒಂದು ದಿನ ಶಾಲೆಗೇ ಬಂದು ನನ್ನನ್ನು ಹೊರಗೆ ಕರೆದಳು. ಭಾಯಿಜಾನನಿಗೆ ರಕ್ತ ಹೋಗುತ್ತಿದೆ, ಬಹಳ ದಿನಗಳಾಗಿವೆ, ಯಾರಿಗೂ ಹೇಳಬೇಡ ಎಂದಿದ್ದಾನೆ. ಸಂಜೆ ಆಟೋ ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದೆ. ಸೊರಗಿದ್ದ. ಮುಖ ಬಿಳಿಚಿಕೊಂಡಿತ್ತು.

"ದಿನಪೂರ್ತಿ ಇಂಜಿನ್ ಮ್ಯಾಲ ಕುಂದ್ರತೀನಿ, ಗರ್ಮಿ ಆಗ್ಯಾದ" ಎಂದ. ಆಮೇಲೆ ಸೀಟಿನ ಕೆಳಗಿನಿಂದ ಏನನ್ನೋ ತೆಗೆದು ಧೈರ್ಯವಾಗಿ ತೋರಿಸಿದ. ಹಸಿರು ಡಬ್ಬಿ. ಮೇಲೆ ನಗುವ ಬಸಲಿಂಗಮ್ಮ.

"ಕ್ಯಾನ್ಸರ್ ಇದ್ದಾಕಿಗೇ ಹೋಗ್ಯಾದ, ನನಗ ಬರೀ ಮೂಲವ್ಯಾಧಿ, ಹೋಗಂಗಿಲ್ಲೇನು?"

"ಆಕಿಗಿ ಆಪರೇಷನ್ ಆಗ್ಯಾದ ಭಾಯಿಜಾನ್! ಕಲಬುರಗಿದಾಗ ನಾನೇ ಕುಂತಿದ್ದೆ" ಎಂದೆ.

ಅವನು ನನ್ನನ್ನು ಸಣ್ಣ ಹುಡುಗಿಯನ್ನು ನೋಡಿದ ಹಾಗೆ ನೋಡಿದ. "ಕ್ಯಾನ್ಸರ್ ಆಪರೇಷನ್ ಆದಾಕಿ ಹಿಂಗ ಬುಟ್ಟಿ ಹೊತ್ತು ಊರಿಗೆಲ್ಲಾ ರೊಟ್ಟಿ ಬಡಸ್ತಾಳೇನು? ನನ್ನ ದವಾಖಾನಿಗಿ ದೂಡಾಕ ಸುಳ್ಳ ಹೇಳಬ್ಯಾಡ" ಎಂದು ಆಟೋ ಚಾಲು ಮಾಡಿದ. ನಾನು ಎಷ್ಟು ಬೈದರೂ, ಭಾಬಿ ಎಷ್ಟು ಅತ್ತರೂ ಅವನು ಜಪ್ಪಯ್ಯ ಅನ್ನಲಿಲ್ಲ. ಡಬ್ಬಿ ಮುಗಿಯಲಿ, ಆಮೇಲೆ ನೋಡೋಣ ಎಂಬ ಒಂದೇ ಮಾತು.

ಮರುದಿನ ಇದನ್ನೆಲ್ಲ ಬಸಲಿಂಗಮ್ಮನಿಗೆ ಹೇಳಿದೆ. ಏನಾದರೂ ಮಾಡು ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಆಕೆ ಮೆಂತ್ಯದ ಕಟ್ಟು ಬಿಚ್ಚಿ ಬೇರು ಕತ್ತರಿಸುತ್ತಿದ್ದಳು. ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಐತಾರ ವ್ಯಾನ್ ಬರ್ತದ. ನಿಮ್ಮಣ್ಣನ್ನೂ ಊಟಕ್ಕ ಕರಕೊಂಡ್ ಬಾ" ಎಂದಳು. ಒಳಗಿದ್ದ ಮಲ್ಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಳು. "ಅಕ್ಕಾ, ಬ್ಯಾಡ" ಎಂದಳು. ಬಸಲಿಂಗಮ್ಮ ತಲೆ ಎತ್ತದೆ, "ರೊಟ್ಟಿ ಹೊತ್ತಾಕತ್ಯಾದ ನೋಡು ಹೋಗು" ಎಂದಳು.

ಐತಾರ ಖಾನಾವಳಿ ಕಿಕ್ಕಿರಿದಿತ್ತು. ಒಂದು ಸಾಲಿಗೆ ವ್ಯಾನಿನವರು: ಬಾಯಿಗೆ ಕರ್ಚೀಫು ಹಿಡಿದವರು, ಕಣ್ಣು ಆಳಕ್ಕೆ ಹೋದವರು, ವನದುರ್ಗದ ಕಡೆಯ ಒಬ್ಬ ಮುದುಕ, ಅವನ ಸೊಸೆ. ಇನ್ನೊಂದು ಸಾಲಿಗೆ ದಿನದ ಗಿರಾಕಿಗಳು, ಕೊನೆಯಲ್ಲಿ ನಾನು ಮತ್ತು ಭಾಯಿಜಾನ್. ಮೊದಲ ರೊಟ್ಟಿ ಮುಗಿಯುತ್ತ ಬಂದಾಗ ಪುಡಿ ಡಾಕ್ಟರ್ ಎದ್ದು ನಿಂತು ಕೈ ಮುಗಿದ. "ಬಂಧುಗಳೇ, ಪ್ರಕೃತಿಯ ಶಕ್ತಿಗೆ ಸಾಕ್ಷಿ ಬೇಕೆ? ಈ ತಾಯಿಯನ್ನು ನೋಡಿ" ಎಂದು ಶುರುಮಾಡಿದ.

ಬಸಲಿಂಗಮ್ಮ ಬುಟ್ಟಿ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಎರಡು ಸಾಲಿನ ನಡುವೆ ಬಂದು ನಿಂತು, "ಹೌದು, ನೋಡ್ರಿ. ಎಲ್ಲಾರೂ ಬರೋಬ್ಬರಿ ನೋಡ್ರಿ" ಎಂದು ಹೊಟ್ಟೆಯ ಮೇಲಿನ ಸೆರಗನ್ನು ಸರಿಸಿದಳು.

ಕೈಗೆತ್ತಿದ ತುತ್ತುಗಳು ತಾಟಿಗೆ ಇಳಿದವು.

"ಇದು ಚೀಲ. ನನ್ನ ಸಂಡಾಸ ಇದ್ರಾಗ ಬರ್ತದ. ಕೆಳಗಿನ ದಾರಿ ಡಾಕ್ಟರು ಹೊಲದು ಮುಚ್ಚ್ಯಾರ. ಕರೆಂಟ್ ಕೊಟ್ಟಾರ, ಸಲೈನ್ ಏರಿಸ್ಯಾರ, ಹೊಟ್ಟಿ ಕೊಯ್ದು ಗಡ್ಡಿ ತೆಗದಾರ. ಅದಕ್ಕ ನಾ ನಿಮ್ಮ ಮುಂದ ನಿಂತೀನಿ. ಇಂವನ ಪುಡಿ ನನ್ನ ನಾಲಿಗಿ ಇನ್ನಾ ಮುಟ್ಟಿಲ್ಲ."

ಪುಡಿ ಡಾಕ್ಟರ್ ಮುಖ ತಿರುಗಿಸಿಕೊಂಡ. "ಅಮ್ಮಾ, ಊಟ ಮಾಡೋರ ಮುಂದೆ ಇದೆಂಥ ಅಸಹ್ಯ!" ಎಂದ.

"ಅಸಹ್ಯ?" ಆಕೆಯ ದನಿ ತಗಡಿಗೆ ಬಡಿದು ವಾಪಸು ಬಂತು. "ಉಣ್ಣೋರ ಮುಂದ ಹೊಟ್ಟಿ ತೋರಿಸಿದ್ರ ಅಸಹ್ಯ. ಸಾಯೋರಿಗಿ ಪುಡಿ ಮಾರಿದ್ರ ಪುಣ್ಯೇನೋ? ನನ್ನ ಮಾರಿ ಅಂಟಿಸಿ ಮಾರ್ತಿ, ಮಾರಿ ಕೆಳಗಿನ ಈ ಹೊಟ್ಟಿ ಯಾಕ ಅಂಟಿಸಿಲ್ಲ? ಅದನ್ನೂ ಅಂಟಿಸು ಬಾ, ಫೋಟೊ ತಗಿ!"

ಅವನು ಫೋಟೊ ತೆಗೆಯಲಿಲ್ಲ. ವನದುರ್ಗದ ಮುದುಕ ಕೈಯಲ್ಲಿ ಉಳಿದಿದ್ದ ಉಳ್ಳಾಗಡ್ಡಿ ತಪ್ಪಲನ್ನು ನೋಡುತ್ತ, "ಹಂಗಾದ್ರ ಈ ತಪ್ಪಲಾ ಎಲ್ಲಾ ಸುಳ್ಳೇನವ್ವಾ?" ಎಂದು ಕೇಳಿದ. ಆಕೆಯ ದನಿ ಸ್ವಲ್ಪ ಇಳಿಯಿತು.

"ತಪ್ಪಲ ಸುಳ್ಳಲ್ಲೋ ಯಪ್ಪಾ. ದಿನಾ ತಿನ್ನು, ಮೊಮ್ಮಕ್ಕಳಿಗೂ ತಿನಸು. ಅದು ಊಟ. ಬ್ಯಾನಿ ಬರೋದು ಕಡಿಮಿ ಮಾಡ್ತದಂತ, ಮಾಡ್ಲಿ. ಬಂದ ಮ್ಯಾಲ ಮಾತ್ರ ಡಾಕ್ಟರ ಕಡಿ ಹೋಗು. ರಕ್ತ ಕಂಡ್ರ ಉಷ್ಣ ಅಂತ ಮಜ್ಜಿಗಿ ಕುಡಕೋತ ಕುಂದ್ರಬ್ಯಾಡ. ನಾ ಹಂಗ ಕುಂತು ಈ ಚೀಲ ಹೊತ್ತೀನಿ. ಮೊದಲೇ ಹೋಗಿದ್ರ ಇದೂ ಇರ್ತಿರಲಿಲ್ಲೋ ಏನೋ."

ಆಮೇಲೆ ನಮ್ಮ ಟೇಬಲ್ಲಿನ ಕಡೆ ತಿರುಗಿದಳು. "ಮಹಿಬೂಬ, ಏಳು."

ಭಾಯಿಜಾನ್ ಎದ್ದು ನಿಂತ. ಇಷ್ಟು ದಿನ ಗರ್ಮಿ, ಮೂಲವ್ಯಾಧಿ ಎಂದು ಅವನು ಮುಚ್ಚಿಟ್ಟುಕೊಂಡಿದ್ದ ಭಯ ಅಷ್ಟು ಜನರ ನಡುವೆ ಹೊರಗೆ ಬಂತು. "ಅಕ್ಕಾ, ನನಗೂ ಈ ಚೀಲ ಹಚ್ಚತಾರೇನು?"

"ಹಚ್ಚಿದ್ರ ಹಚ್ಚಲಿ! ನಾ ಸತ್ತೀನೇನು? ನಿನ್ನ ಮುಂದ ನಿಂತು ಬಡಸಾಕತ್ತೇನಿ. ನಾಳೆ ಮುಂಜಾನಿ ಕಲಬುರಗಿಗಿ ಹೋಗತಿ. ನಾನೂ ಬರ್ತೀನಿ. ಈಗ ಕುಂದರು, ತಪ್ಪಲ ಹಂಗೇ ಅದ ನಿನ್ನ ತಾಟಿನಾಗ."

ಕೆಲವರು ನಕ್ಕರು. ಕೆಲವರು ಕೈ ತೊಳೆಯದೆ ಎದ್ದು ಹೋದರು. ವ್ಯಾನು ಹೊರಟಾಗ ಅದರಲ್ಲಿ ಬಂದವರ ಪೈಕಿ ವನದುರ್ಗದ ಮುದುಕ ಮತ್ತು ಅವನ ಸೊಸೆ ಹತ್ತಲಿಲ್ಲ. ಕಲಬುರಗಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನನ್ನನ್ನು ಕೇಳಿದರು. ಪುಡಿ ಡಾಕ್ಟರ್ ಆಮೇಲೆ ನಮ್ಮ ಕಡೆ ಮುಖ ಹಾಕಲಿಲ್ಲ. ಬೇರೆ ಕಡೆ ಬೇರೆ ಮುಖ ಹುಡುಕಿಕೊಂಡನೆಂದು ಕೇಳಿದೆ, ಅಂಥವರಿಗೆ ಊರುಗಳ ಕೊರತೆಯೇ?

ಭಾಯಿಜಾನನಿಗೂ ಗಡ್ಡೆಯೇ ಇತ್ತು. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಿದರು. ಅಕ್ಕನ ಗಡ್ಡೆಗಿಂತ ಮೇಲಿತ್ತು, ಕರುಳಿನ ಗೋಡೆ ದಾಟಿರಲಿಲ್ಲ. ಇನ್ನಷ್ಟು ತಡ ಮಾಡಿದ್ದರೆ ಮಾತು ಬೇರೆ ಇರುತ್ತಿತ್ತು ಎಂದರು ಅದೇ ಡಾಕ್ಟರು. ಕೊಯ್ದು, ಜೋಡಿಸಿ, ಚೀಲದ ಅಗತ್ಯವಿಲ್ಲದೆ, ವರ್ಷಕ್ಕೊಮ್ಮೆ ಕ್ಯಾಮೆರಾ ಹಾಕಿಸಿ ನೋಡಿಸಿಕೊಳ್ಳಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಆಪರೇಷನ್ ನಡೆಯುವಾಗ ಹೊರಗಿನ ಬೆಂಚಿನ ಮೇಲೆ ಭಾಬಿಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಬಸಲಿಂಗಮ್ಮ ಕೂತಿದ್ದೆವು. ಭಾಬಿ ದುವಾ ಓದುತ್ತಿದ್ದಳು, ಬಸಲಿಂಗಮ್ಮ ಅಬ್ಬೆತುಮಕೂರಿನ ಮಠದ ಕಡೆ ಕೈ ಮುಗಿಯುತ್ತಿದ್ದಳು, ನಡುನಡುವೆ ನರ್ಸುಗಳನ್ನು ಬೈಯುತ್ತಿದ್ದಳು.

ಖಾನಾವಳಿಯ ಕತೆ ಅಷ್ಟು ಸುಲಭವಾಗಿರಲಿಲ್ಲ. ಮರುದಿನದಿಂದ ಟೇಬಲ್ಲುಗಳು ಖಾಲಿ ಬಿದ್ದವು. ಮೈಲಿಗೆ ಎಂದರು, ಹೇಸಿಗೆ ಎಂದರು. ಬೇರೆ ಬೇರೆ ಜಾತಿಯವರಾಗಿಯೂ ಈ ಒಂದು ಮಾತಿನಲ್ಲಿ ಎಲ್ಲರೂ ಎಷ್ಟು ಬೇಗ ಒಂದಾದರು! ನನ್ನ ಜೊತೆಯ ಟೀಚರುಗಳು ಮನೆಯಿಂದ ಡಬ್ಬಿ ತರತೊಡಗಿದರು. ಮಕ್ಕಳಿಗೆ ವಿಜ್ಞಾನ ಹೇಳುವವರು, ಕರುಳಿನ ಚಿತ್ರ ಬರೆಸುವವರು. ಅವರ ಜೊತೆ ನಾನು ಆಡಿದ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಕಿರಾಣಿ ಸಾಹುಕಾರರು ಹಿತೈಷಿಯಾಗಿ ಬಂದು, "ನೀವು ಒಳಗ ಕುಂದರ್ರಿ, ಮಲ್ಲಮ್ಮ ಬಡಸ್ಲಿ. ಜನಾ ಮರೀತಾರ" ಎಂದರು.

"ಜನಾ ಮರೀಲಿ ಅಂತ ನಾ ತೋರಿಸಿಲ್ರಿ" ಎಂದಳು ಬಸಲಿಂಗಮ್ಮ. "ಬಡಸೋದು ನಾನೇ. ಉಣ್ಣೋರು ಉಣ್ಲಿ. ಒಲ್ಲದವರಿಗಿ ಬಸ್ ಸ್ಟ್ಯಾಂಡಿನಾಗ ಇಡ್ಲಿ ಸಿಗ್ತಾವ."

ಸಾಹುಕಾರರು ಆ ದಿನದಿಂದ ಮೆಟ್ಟಿಲು ಹತ್ತಲಿಲ್ಲ. ಆಕೆ ಮಾತ್ರ ಎಂದಿನಂತೆ ಬೆಳಿಗ್ಗೆ ಸೊಪ್ಪು ತೊಳೆದು, ಬುಟ್ಟಿ ತುಂಬ ರೊಟ್ಟಿ ಮಾಡಿಸಿ, ಖಾಲಿ ಟೇಬಲ್ಲುಗಳ ನಡುವೆ ನಿಲ್ಲುತ್ತಿದ್ದಳು. ಸೆರಗನ್ನು ಮೊದಲಿನ ಹಾಗೆ ಸೊಂಟಕ್ಕೆ ಸಿಕ್ಕಿಸತೊಡಗಿದಳು, ಚೀಲದ ಉಬ್ಬು ಕಂಡರೆ ಕಾಣಲಿ ಎಂದು. ಮೊದಲು ಮರಳಿ ಬಂದವರು ಬಸ್ಸಿನ ಡ್ರೈವರ್ ಕಂಡಕ್ಟರುಗಳು. ಅವರ ಉದಾರತೆ ಎಂದು ನಾನು ಹೇಳಲಾರೆ. ಬಸ್ಸು ಬಿಡುವಷ್ಟರಲ್ಲಿ ಬೇರೆ ಕಡೆ ಹೋಗಿ ಉಂಡು ಬರಲು ಅವರಿಗೆ ಹೊತ್ತಿರಲಿಲ್ಲ, ಅಂಥ ರೊಟ್ಟಿಯೂ ಬೇರೆ ಕಡೆ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು. ಮೊದಲಿನಷ್ಟು ಜನ ಮತ್ತೆಂದೂ ಆಗಲಿಲ್ಲ. ಹೊಸ ರೀತಿಯ ಗಿರಾಕಿಗಳು ಮಾತ್ರ ಸೇರಿಕೊಂಡರು: ಊಟ ಮುಗಿಸಿ, ಎಲ್ಲರೂ ಹೋಗುವವರೆಗೆ ಕಾದು, ಸಣ್ಣ ದನಿಯಲ್ಲಿ "ಅಮ್ಮಾವ್ರ, ನಮ್ಮ ಮನ್ಯಾಗೂ ಒಬ್ರಿಗಿ ರಕ್ತ ಹೋಗಾಕತ್ಯಾದ್ರಿ" ಎನ್ನುವವರು. ಅವರನ್ನು ಸಣ್ಣ ದನಿಯಲ್ಲಿ ಮಾತಾಡಲು ಆಕೆ ಬಿಡುತ್ತಿರಲಿಲ್ಲ. "ಜೋರ್ ಹೇಳ್ರಿ, ಕಳವು ಮಾಡೀರೇನು?" ಎನ್ನುತ್ತಿದ್ದಳು.

ಕೆಲವು ವರ್ಷ ಹೀಗೆ ಹೋಯಿತು. ಹೋದ ವರ್ಷ ಆಕೆಯ ರೋಗ ಯಕೃತ್ತಿಗೆ ಹರಡಿತು. ಮತ್ತೆ ಔಷಧಿ ತೆಗೆದುಕೊಂಡಳು, ತಡೆಯುವಷ್ಟು ತಡೆದಳು. ಕೊನೆಯ ಸಲ ನಾನು ನೋಡಿದಾಗ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು, ಕಣ್ಣು ಹಳದಿಯಾಗಿದ್ದವು. ಭಾಯಿಜಾನನೂ ಬಂದಿದ್ದ. ನಾನು ಪಕ್ಕದಲ್ಲಿ ಕೂತರೆ ಆಕೆ ನನ್ನ ಹೆಗಲ ಮೇಲಿಂದ ಅವನನ್ನು ನೋಡಿ, "ಈ ವರ್ಷದ ಕ್ಯಾಮೆರಾ ಆತೇನು?" ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡ. ಆಗಿರಲಿಲ್ಲ. ಆರಾಮಾಗಿದ್ದೇನಲ್ಲ ಎಂದು ಮುಂದೂಡಿದ್ದ.

ಏಳಲಾಗದವಳು ಮೊಣಕೈ ಊರಿ ಅರ್ಧ ಎದ್ದಳು. "ನಾಚಿಕಿ ಇಲ್ಲೇನೋ? ಊರ ಮುಂದ ಹೊಟ್ಟಿ ತೋರಿಸಿದ್ದು ನೀ ಮನ್ಯಾಗ ಕುಂದ್ರಲಿ ಅಂತೇನು? ಇಲ್ಲಿ ಯಾಕ ನಿಂತಿ? ನನ್ನ ಮಾರಿ ನೋಡಾಕ ಬಂದಿಯೇನು? ನಡಿ, ಹೋಗು!"

ಅವನು ಮರುದಿನವೇ ಹೋದ. ಏನೂ ಇಲ್ಲ, ಸ್ವಚ್ಛ ಇದೆ ಎಂದರು. ಅಲ್ಲಿಂದಲೇ ಆಕೆಗೆ ಫೋನ್ ಮಾಡಿ ಹೇಳಿದನಂತೆ. ಮಲ್ಲಮ್ಮ ಫೋನನ್ನು ಕಿವಿಗೆ ಹಿಡಿದಿದ್ದಳು. "ಮುಂದಿನ ವರ್ಷದ್ದೂ ನೆನಪಿಡು" ಎಂದಷ್ಟೇ ಬಸಲಿಂಗಮ್ಮ ಹೇಳಿದಳಂತೆ. ಅದೇ ವಾರ ತೀರಿಕೊಂಡಳು.

ಮಣ್ಣಿಗೆ ಊರೇ ಬಂದಿತ್ತು, ಆಕೆಯ ಕೈಯಿಂದ ಉಣ್ಣಲು ಹೇಸಿದವರೂ ಬಂದಿದ್ದರು. ಎಲ್ಲ ಮುಗಿದು ತಿರುಗಿ ಬರುವಾಗ ಕಿರಾಣಿ ಸಾಹುಕಾರರು ನನ್ನ ಹಿಂದೆ ನಡೆಯುತ್ತ, ಯಾರಿಗೋ ಹೇಳುತ್ತಿದ್ದರು: "ಜಲ್ಮಪೂರ್ತಿ ತಪ್ಪಲ ತಿಂದ್ಲು. ಕೊಯಿಸ್ಕೊಂಡ್ಲು. ಮಂದಿ ಮುಂದ ಮರ್ಯಾದಿನೂ ಕಳಕೊಂಡ್ಲು. ಕಡಿಕಿ ಏನ್ ಉಳೀತು ಹೇಳ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮುಂದೆ ನಡೆಯುತ್ತಿದ್ದ ಭಾಯಿಜಾನ್ ನಿಂತು ತಿರುಗಿದ. ಅವನ ಎರಡೂ ಕೈಗೆ ಮಣ್ಣು ಮೆತ್ತಿಕೊಂಡಿತ್ತು.

"ನಾ ಉಳದೀನಲ್ರಿ ಸಾವಕಾರ," ಎಂದ. "ಕಣ್ಣಿಗಿ ಕಾಣಾಕತ್ತಿಲ್ಲೇನು?"